ಹೇಳದೆ ಬಿಟ್ಟದ್ದು

ರಾತ್ರಿ ಎರಡರ ಮೇಲೆ ಶ್ರೀರಾಂಪುರ ಬಾಯಿ ಮುಚ್ಚುತ್ತದೆ.
ಕೊನೆಯ ಆಟೋ, ಕೊನೆಯ ಜಗಳ, ಗುಜರಿ ಅಂಗಡಿಯ ನಾಯಿ
ಎಲ್ಲ ಅಡಗಿದ ಮೇಲೆ ನಮ್ಮ ಕೆಲಸ:
ಉಕ್ಕಿನ ಸಲಾಕೆಯನ್ನು ಟಾರಿಗೆ ಊರಿ
ತುದಿಗೆ ಕಿವಿ ಕೊಟ್ಟು
ನೆಲದೊಳಗೆ ಎಲ್ಲಿ ನೀರು ಸೋರುತ್ತಿದೆ ಎಂದು
ಕೇಳುವುದು.

ಐದು ಜನ. ಮುನಿಯೆಲ್ಲಪ್ಪ, ಆರೋಗ್ಯಸ್ವಾಮಿ,
ಖಲೀಲ, ಹೊಸದಾಗಿ ಬಂದ ಸಿದ್ಲಿಂಗು,
ಲಾಗ್ ಪುಸ್ತಕ ಬರೆಯುವ ನಾನು.
ಮುನಿಯೆಲ್ಲಪ್ಪನ ಕಿವಿಗೆ ಮೂವತ್ತೊಂದು ವರ್ಷ ಸರ್ವಿಸ್ಸು.
ಅವನು ಇಲ್ಲಿ ಅಂದರೆ ಇಲ್ಲಿ.
ಗುದ್ದಲಿಗೂ ಗೊತ್ತು.

ಆ ಮಂಗಳವಾರ
ಇಲ್ಲಿ, ಅಂದ. ಅಗೆದೆವು. ಒಣಮಣ್ಣು.
ಒಂದು ಮಾರು ಆಚೆ, ಇಲ್ಲಿ. ಕೆಮ್ಮಣ್ಣು, ಹಸಿರು ಬಳೆಚೂರು.
ಮೂರನೆಯದರಲ್ಲಿ ಯಾರದೋ ಕೇಬಲ್ಲು ತುಂಡಾಯಿತು.
ಬೆಳಗಾಗುವಾಗ
ನಾವು ತೋಡದ ಕಡೆಯಿಂದ ನೀರು ತಾನೇ ಎದ್ದು ಬಂದು
ಬೇಕರಿಯ ಮೆಟ್ಟಿಲು ತೊಳೆಯುತ್ತಿತ್ತು.

ಎಂಜಿನಿಯರು ನಸೀಮಾ ಮೇಡಂ ಬಂದರು.
ಉಗಿಸಿಕೊಳ್ಳಲು ಸಾಲಾಗಿ ನಿಂತೆವು.
ಅವರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು
ಒಬ್ಬೊಬ್ಬರನ್ನೂ ಕೇಳಿದ್ದು ಒಂದೇ:
ನಿನಗೆ ಎಲ್ಲಿ ಕೇಳಿಸಿತ್ತು?

ಖಲೀಲನಿಗೆ ಬೇಕರಿ ಹತ್ತಿರ.
ಸಿದ್ಲಿಂಗುಗೂ ಬೇಕರಿ ಹತ್ತಿರ.
ನನಗೂ.
ಆರೋಗ್ಯಸ್ವಾಮಿ ಸಲಾಕೆಯನ್ನೇ ಮುಟ್ಟಿರಲಿಲ್ಲ:
'ಅಣ್ಣ ಹೇಳಿದ ಮೇಲೆ ಇನ್ನೇನು ಮೇಡಂ ಕೇಳೋದು?'

ಅಂದಿನಿಂದ ಹೊಸ ಪದ್ಧತಿ.
ಒಬ್ಬೊಬ್ಬರೇ ಹೋಗಿ ಕೇಳಿ ಬಂದು
ನನ್ನ ಕಿವಿಯಲ್ಲಿ ಉಸುರಬೇಕು.
ಎಲ್ಲರದೂ ಆದ ಮೇಲೆ ರಸ್ತೆಗೆ ಸೀಮೆಸುಣ್ಣದ ಐದು ಸುತ್ತು.
ಪುಸ್ತಕದಲ್ಲಿ ಮೂರು ಕಾಲಂ:
ಎಲ್ಲಿ.
ಯಾಕೆ ಹಾಗನ್ನಿಸಿತು.
ಹೇಳದೆ ಬಿಟ್ಟದ್ದು.

'ಅನ್ನಿಸ್ತು ಅಷ್ಟೆ, ಯಾಕೆ ಅಂದ್ರೆ?'
ಮುನಿಯೆಲ್ಲಪ್ಪ ಬೀಡಿ ಹೊಸಕಿದ.
'ಈಜೋನ್ನ ನಿಲ್ಲಿಸಿ ಹೆಂಗೆ ಈಜ್ತೀಯ ಅಂತ ಕೇಳಿ,
ಅಲ್ಲೇ ಮುಳುಗ್ತಾನೆ.'

ಎರಡು ವಾರ ಮೂರನೇ ಕಾಲಂ ಬೆಳ್ಳಗೇ ಇತ್ತು.
ಮೊದಲು ತುಂಬಿದವನು ಸಿದ್ಲಿಂಗು:
'ನಂಗೇನೂ ಕೇಳಿಸಲಿಲ್ಲ. ಖಲೀಲಣ್ಣ ಎಲ್ಲಿ ಜಾಸ್ತಿ ಹೊತ್ತು
ಬಗ್ಗಿದ್ದ ಅಂತ ನೋಡಿ ಹೇಳಿದೆ.'
ನಕ್ಕೆವು. ಆಮೇಲೆ
ಒಬ್ಬೊಬ್ಬರಾಗಿ ನಗು ನಿಲ್ಲಿಸಿದೆವು.

ಗಾಯತ್ರಿನಗರದಲ್ಲಿ ಒಂದು ರಾತ್ರಿ
ಮುನಿಯೆಲ್ಲಪ್ಪ ಸಲಾಕೆಯಿಂದ ಕಿವಿ ತೆಗೆದು
ಬಹಳ ಹೊತ್ತು ಸುಮ್ಮನೆ ನಿಂತ. 'ಬರ್ಕೊ' ಅಂದ.
'ಬೀಡಿನ ಪೈಪು ದೂರದಿಂದಾನೇ ಕೂಗಿ ಹೇಳ್ತದೆ.
ಈ ಕರೀ ಪ್ಲಾಸ್ಟಿಕ್ಕು ಸದ್ದು ನುಂಗ್ತದೆ.
ಇಷ್ಟು ದಿನ ನಾನು ಕೇಳ್ತಿದ್ದದ್ದು ಈ ಪೈಪನ್ನಲ್ಲ,
ಮುಂಚೆ ಇಲ್ಲಿತ್ತಲ್ಲ, ಅದನ್ನ.'
ಯಾವ ಕಾಲಂಗೆ ಹಾಕಲಿ ಅಂದೆ.
'ಮೂರ್ನೇದಕ್ಕೆ.'

ನನ್ನದೊಂದು ಬಾಕಿ ಇತ್ತು.
ಎರಡು ಸಲ ಬರೆದು ಹೊಡೆದುಹಾಕಿದ್ದೆ.
ಆ ಮಂಗಳವಾರ ಸುಮ್ಮನಿದ್ದದ್ದು ಹಿರಿಯನ ಮೇಲಿನ ಮರ್ಯಾದೆಗೆ
ಎಂದುಕೊಂಡಿದ್ದೆ. ಅಲ್ಲ.
ಅವನು ತಪ್ಪಿದರೆ ತಪ್ಪು ಅವನದು,
ನಾನು ಬಾಯಿಬಿಟ್ಟು ತಪ್ಪಿದ್ದರೆ ನನ್ನದಾಗುತ್ತಿತ್ತು.
ಅಷ್ಟೆ ಲೆಕ್ಕ.
ಓದಿ ಹೇಳಿದೆ. ಮುನಿಯೆಲ್ಲಪ್ಪ
ಫ್ಲಾಸ್ಕಿನ ಟೀಯನ್ನು ಮೊದಲು ನನ್ನ ಲೋಟಕ್ಕೆ ಬಗ್ಗಿಸಿದ.

ಈಗ ಒಣಗುಂಡಿ ಸಿಗುವುದೇ ಇಲ್ಲವೆಂದಲ್ಲ.
ಹೋದ ವಾರ ಐವರ ಸುತ್ತೂ ಒಂದೇ ಕಡೆ ಬಿತ್ತು.
ಹಿಗ್ಗಿ ಅಗೆದೆವು. ನೀರಿಲ್ಲ.
ಪಕ್ಕದ ವೈನ್ ಶಾಪಿನಲ್ಲಿ
ಫ್ರಿಜ್ಜು ಗೊರಕೆ ಹೊಡೆಯುತ್ತಿತ್ತು.
ಪುಸ್ತಕದಲ್ಲಿ ಖಲೀಲ ಬರೆಸಿದ್ದು:
'ಎಲ್ಲರಿಗೂ ಒಂದೇ ಅನ್ನಿಸಿದ ದಿನ
ಇನ್ನೊಂದು ಸಲ ಕೇಳಬೇಕು.'
ಅದರ ಕೆಳಗೆ ಆರೋಗ್ಯಸ್ವಾಮಿ, ತನ್ನದೇ ಕೈಯಲ್ಲಿ:
'ಅಂಗಡಿಯವನನ್ನೂ.'

ನಿನ್ನೆ ಟ್ರಾಫಿಕ್‌ನವರ ಪರ್ಮಿಶನ್ ಬರಲಿಲ್ಲ.
ಬೆಳಕು ಹರಿದರೂ ಐದು ಸುತ್ತು ಹಾಗೇ ಉಳಿದವು,
ಒಂದು ಇಲ್ಲಿ, ಎರಡು ಚರಂಡಿ ಪಕ್ಕ, ದೂರಕ್ಕೆ ಇನ್ನೆರಡು.
ಸ್ಕೂಲಿಗೆ ಹೊರಟ ಹುಡುಗಿಯೊಬ್ಬಳು ನೋಡಿ,
ಬ್ಯಾಗು ಬಿಗಿದು, ಒಂಟಿಕಾಲಲ್ಲಿ
ಕುಂಟೆಬಿಲ್ಲೆ ಕುಪ್ಪಳಿಸಿದಳು.
ನಾಲ್ಕನೆಯದರಲ್ಲಿ ನಿಂತು, ಓಲಾಡುತ್ತ, ಕೇಳಿದಳು:
'ಅಂಕಲ್, ಇದರಲ್ಲಿ ಔಟು ಯಾವುದು?'

'ಇನ್ನೂ ಅಗೆದಿಲ್ಲಮ್ಮ' ಅಂದ ಸಿದ್ಲಿಂಗು.